ಲೀಟರಮ್ಮನ ಹದಿನೈದನೇ ಚೌಕ

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ. ವಾಹನ ಪರೀಕ್ಷೆಯ ಅಂಗಳದಲ್ಲಿ ಐವತ್ತಮೂರರ ಹೆಂಗಸೊಬ್ಬರು ಮೊಣಕಾಲೂರಿ ಕೂತು ಟೈರುಗಳ ಗಾಳಿ ಪರೀಕ್ಷಿಸುತ್ತಿದ್ದಾರೆ. ಎಸ್‌ಯುವಿಯದು ನಾಲ್ಕು, ಅದರ ಹಿಂದೆ ಕೊಂಡಿ ಹಾಕಿ ನಿಲ್ಲಿಸಿರುವ ಟ್ರೇಲರಿನದು ಎರಡು. ಆರೂ ಮುಗಿಯುತ್ತವೆ. ಎದ್ದು ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ನಿಂತು, ಮತ್ತೆ ಮೊದಲನೆಯದರ ಮುಂದೆ ಕೂರುತ್ತಾರೆ.

"ಈಗಷ್ಟೇ ನೋಡಿದ್ರಲ್ಲ?" ಅಂತ ನಾನು ಬಾಯಿಬಿಡುತ್ತೇನೆ.

"ನೋಡಿದ್ದು ನಾನೇ ಅಲ್ವಾ? ಅದಕ್ಕೇ ಇನ್ನೊಂದ್ಸಲ ನೋಡ್ತಿರೋದು" ಅನ್ನುತ್ತಾರೆ ಅವರು, ತಲೆ ಎತ್ತದೆ.

ಹೊಸ ಗಾಡಿ ಕೊಳ್ಳಲು ಹೋದವರು ಬಣ್ಣ ನೋಡಿ, ಸೀಟು ಸವರಿ, ಕೊನೆಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: "ಲೀಟರಿಗೆ ಎಷ್ಟು ಕೊಡುತ್ತೆ?" ಅದಕ್ಕೆ ಸಿಗುವ ಉತ್ತರ ಆಕಾಶದಿಂದ ಉದುರಿದ್ದು ಎಂದು ಇಷ್ಟು ವರ್ಷ ನಾನೂ ನಂಬಿದ್ದೆ. ಅದನ್ನು ಯಾರೋ ಒಬ್ಬರು ಓಡಿಸಿ, ಅಳೆದು, ಬರೆದು, ಕೆಳಗೆ ಸಹಿ ಹಾಕಿರುತ್ತಾರೆ. ನಮ್ಮೂರಿನ ಆ ಯಾರೋ ಒಬ್ಬರು ಇವರೇ. ಹೆಸರು ಹಾಕಕೂಡದು ಅಂತ ಮೊದಲ ದಿನವೇ ಕರಾರು ಮಾಡಿಕೊಂಡಿದ್ದಾರೆ. ತೊಂದರೆಯಿಲ್ಲ, ಕಚೇರಿಯಲ್ಲೂ ಪೆಟ್ರೋಲ್ ಬಂಕಿನಲ್ಲೂ ಇವರ ನಿಜವಾದ ಹೆಸರು ಗೊತ್ತಿರುವವರು ಕಡಿಮೆ. ಎಲ್ಲರಿಗೂ ಇವರು ಲೀಟರಮ್ಮ.

ಲೀಟರಮ್ಮನ ದಾರಿ ನೂರಿಪ್ಪತ್ತು ಕಿಲೋಮೀಟರಿನ ಒಂದು ಸುತ್ತು. ಬಂಕಿನಿಂದ ಹೊರಟು, ಹೆದ್ದಾರಿ ಹಿಡಿದು, ಒಂದು ಗುಡ್ಡ ಹತ್ತಿ, ಇಳಿದು, ಅದೇ ಬಂಕಿಗೆ ವಾಪಸ್. ಇಪ್ಪತ್ತೆರಡು ವರ್ಷದಿಂದ ಇದೇ ದಾರಿ. ಲೆಕ್ಕ ಹಾಕಿದರೆ ಆರು ಲಕ್ಷ ಕಿಲೋಮೀಟರಾಗುತ್ತದೆ, ಭೂಮಿಯನ್ನು ಹದಿನೈದು ಸಲ ಸುತ್ತಿದಷ್ಟು. "ಹದಿನೈದು ಸಲ ಸುತ್ತಿ ನೋಡಿದ್ದು ಒಂದೇ ಗುಡ್ಡ ನೋಡಿ" ಎಂದು ಅವರೇ ನಗುತ್ತಾರೆ.

ಇಷ್ಟು ಹೊತ್ತಿಗೆ ನನ್ನ ಸರದಿ ಬಂದಿದೆ. ಇವತ್ತು ನಾನೂ ಗಾಡಿಯಲ್ಲಿ ಹೋಗುವವನು. "ನಿಮ್ಮ ತೂಕ ಎಷ್ಟು?" ಅಂತ ಕೇಳುತ್ತಾರೆ. ಎಪ್ಪತ್ತೊಂದು ಅನ್ನುತ್ತೇನೆ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮೂಲೆಯ ತೂಕದ ಯಂತ್ರದ ಕಡೆ ಬೆರಳು ತೋರಿಸುತ್ತಾರೆ. ಎಪ್ಪತ್ತೈದು. ಗಾಡಿಯಲ್ಲಿ ಹೋಗುವ ಸಹಾಯಕರ ತೂಕಕ್ಕೆಂದು ಸೀಟಿನ ಮೇಲೆ ಇಟ್ಟಿದ್ದ ಇಪ್ಪತ್ತೈದು ಕೆ.ಜಿ.ಯ ಮೂರು ಮರಳಿನ ಚೀಲ ಕೆಳಗಿಳಿಯುತ್ತವೆ, ನಾನು ಹತ್ತುತ್ತೇನೆ. ಮರಳಿನ ಚೀಲದ ಬದಲಿಗೆ ಕೂರುವ ಯೋಗ ನನ್ನ ಜಾತಕದಲ್ಲಿತ್ತು ಅಂತ ಗೊತ್ತಿರಲಿಲ್ಲ.

ಹೀಗೆ ನಗಾಡುತ್ತಿದ್ದರೂ ನನ್ನ ಕಣ್ಣು ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತಿದೆ. ಯಾಕೆಂದರೆ ಇವತ್ತಿನ ಓಟ ಮಾಮೂಲಿಯದಲ್ಲ. ಹಿಂದಿರುವ ಟ್ರೇಲರಿನೊಳಗೆ ಹಲ್ಲಿನ ಡಾಕ್ಟರರ ಕುರ್ಚಿಯಿದೆ, ದೀಪವಿದೆ, ಉಪಕರಣ ಕುದಿಸುವ ಪೆಟ್ಟಿಗೆಯಿದೆ, ಆಕ್ಸಿಜನ್ ಸಿಲಿಂಡರಿದೆ. ಗುಡ್ಡಸಾಲಿನ ಆಚೆ ಮೂರು ಶಾಲೆಗಳಿವೆ, ಮುನ್ನೂರ ಹದಿನಾರು ಮಕ್ಕಳಿದ್ದಾರೆ. ನಾಲ್ಕು ವರ್ಷದಿಂದ ಅಲ್ಲಿಗೆ ಹಲ್ಲಿನ ಡಾಕ್ಟರು ಹೋಗಿಲ್ಲ. ಹಳೆಯ ಜೀಪು ಕೆಟ್ಟು ಕೂತಿದೆ. ಅದರ ಬದಲಿಗೆ ಈ ಹೈಬ್ರಿಡ್ ಎಸ್‌ಯುವಿ ಕೊಡಲು ಹಲ್ಲಿನ ಆಸ್ಪತ್ರೆಯವರು ತಯಾರಿದ್ದಾರೆ, ಆದರೆ ಒಂದು ಷರತ್ತಿನ ಮೇಲೆ.

ಹೋಗಿಬರುವ ದಾರಿ ನಾನೂರ ನಲವತ್ತು ಕಿಲೋಮೀಟರು. ನಡುವೆ ಒಂದೇ ಒಂದು ಬಂಕಿಲ್ಲ. ಆಕ್ಸಿಜನ್ ಸಿಲಿಂಡರ್ ಜೊತೆಗಿರುವಾಗ ಪೆಟ್ರೋಲಿನ ಕ್ಯಾನ್ ಒಯ್ಯುವಂತಿಲ್ಲ. ಟ್ಯಾಂಕು ಹಿಡಿಯುವುದು ಐವತ್ತೆರಡು ಲೀಟರು, ವಾಪಸ್ ಬಂದಾಗ ಅದರಲ್ಲಿ ಕನಿಷ್ಠ ಆರು ಲೀಟರು ಉಳಿದಿರಬೇಕು, ದಾರಿ ಕುಸಿದರೆ ಸುತ್ತಿ ಬರಬೇಕಾಗುತ್ತದಲ್ಲ. ಸಾಧ್ಯ ಎಂದು ಲೀಟರಮ್ಮ ಬರೆದುಕೊಟ್ಟರೆ ಆ ಆಸ್ಪತ್ರೆಯ ಡಾಕ್ಟರಮ್ಮ ಹೊರಡುತ್ತಾರೆ. ಇಲ್ಲವೆಂದರೆ ಇಲ್ಲ.

ಹಾಗೆ ನೋಡಿದರೆ ಲೀಟರಮ್ಮ ಒಮ್ಮೆ ಬರೆದುಕೊಟ್ಟಾಗಿತ್ತು. ಅದೇ ಎಡವಟ್ಟು.

ತಿಂಗಳ ಹಿಂದೆ ಇದೇ ಗಾಡಿ, ಇದೇ ಟ್ರೇಲರ್ ಎಳೆದುಕೊಂಡು ಸುತ್ತು ಮುಗಿಸಿದಾಗ ಕುಡಿದದ್ದು ಬರೀ ಹನ್ನೊಂದೂವರೆ ಲೀಟರು. ಅಂದರೆ ಲೀಟರಿಗೆ ಹತ್ತೂವರೆ ಕಿಲೋಮೀಟರು. ಹಿಂದೆ ಮನೆಯಷ್ಟು ಎತ್ತರದ ಡಬ್ಬ ಕಟ್ಟಿಕೊಂಡ ಗಾಡಿ ಇಷ್ಟು ಕೊಟ್ಟಿತೆಂದು ಕಚೇರಿಯಲ್ಲಿ ಎಲ್ಲರಿಗೂ ಖುಷಿ. ನಲವತ್ತೆರಡು ಲೀಟರಿನಲ್ಲಿ ಹೋಗಿಬರಬಹುದು ಎಂದು ವರದಿ ಹೋಯಿತು. ಡಾಕ್ಟರಮ್ಮ ಶಾಲೆಗಳಿಗೆ ದಿನಾಂಕ ತಿಳಿಸಿಯೂ ಬಿಟ್ಟರು.

ನಾಲ್ಕು ದಿನ ಕಳೆದ ಮೇಲೆ, ಸಂಜೆ ಮನೆಗೆ ಹೊರಟಿದ್ದ ಲೀಟರಮ್ಮನನ್ನು ಗೇಟಿನಲ್ಲಿ ಕಾವಲಿನ ಅಜ್ಜ ತಡೆದು ಕೇಳಿದರು: "ತಾಯಿ, ಆ ದೊಡ್ಡ ಗಾಡೀನ ಇವತ್ತೂ ಚಾರ್ಜಿಗೆ ಹಾಕ್ಲಾ? ಆವತ್ತಿನ ಥರ?"

"ಆವತ್ತು ಅಂದ್ರೆ ಯಾವತ್ತು ಅಜ್ಜ?"

"ನೀವು ಹಲ್ಲಿನ ಗಾಡಿ ಎಳ್ಕೊಂಡು ಹೋದ್ರಲ್ಲ, ಅದರ ಹಿಂದಿನ ರಾತ್ರಿ. ಪಾಪ, ಬ್ಯಾಟರಿ ಕೆಳಗಿತ್ತು. ನನ್ನ ಫೋನ್ ಹಾಕೋ ಜಾಗದಲ್ಲೇ ಪ್ಲಗ್ ಹಾಕ್ಬಿಟ್ಟೆ. ಬೆಳಿಗ್ಗೆ ನೀವು ಬರೋ ಹೊತ್ತಿಗೆ ತೆಗೆದು ಸುತ್ತಿಟ್ಟೆ."

ಲೀಟರಮ್ಮನಿಗೆ ತಕ್ಷಣ ಅರ್ಥವಾಯಿತು. ಈ ಗಾಡಿಯ ವಿಶೇಷವೇ ಅದು: ಪೆಟ್ರೋಲ್ ಎಂಜಿನ್ನಿನ ಜೊತೆ ದೊಡ್ಡದೊಂದು ಬ್ಯಾಟರಿಯಿದೆ, ಅದನ್ನು ಪ್ಲಗ್ಗಿಗೆ ಹಾಕಿ ತುಂಬಿಸಬಹುದು. ಪೂರ್ತಿ ತುಂಬಿದ ಬ್ಯಾಟರಿ ನಾಲ್ಕು ಲೀಟರಿಗೂ ಹೆಚ್ಚು ಪೆಟ್ರೋಲಿನ ಕೆಲಸ ಮಾಡುತ್ತದೆ. ಅವತ್ತು ತುಂಬಿದ ಬ್ಯಾಟರಿಯಲ್ಲಿ ಹೊರಟು ಖಾಲಿ ಬ್ಯಾಟರಿಯಲ್ಲಿ ವಾಪಸ್ ಬಂದಿದ್ದರು. ಕುಡಿದ ಪೆಟ್ರೋಲನ್ನಷ್ಟೇ ಅಳೆದು, ಕುಡಿದ ಕರೆಂಟನ್ನು ಬಿಟ್ಟಿದ್ದರು. ಗಾಡಿ ಮಿತವಾಗಿ ಉಂಡಿರಲಿಲ್ಲ, ಕಾಲುಭಾಗ ಊಟ ರಾತ್ರಿಯೇ ಮುಗಿಸಿತ್ತು.

"ಬ್ಯಾಟರಿ ಎಷ್ಟಿದೆ ಅಂತ ಕಣ್ಣೆದುರಿಗೇ ತೋರಿಸ್ತಿರುತ್ತೆ ರೀ! ನೂರು ಅಂತ ಇಷ್ಟು ದಪ್ಪಕ್ಕೆ. ಆದ್ರೂ ನಾನು ನೋಡ್ಲಿಲ್ಲ. ಯಾಕೆ ಗೊತ್ತಾ? ನಮ್ಮ ಫಾರಮ್ಮಿನಲ್ಲಿ ಹದಿನಾಲ್ಕು ಚೌಕ ಇದೆ. ಟೈರಿನ ಗಾಳಿ, ಹೊರಗಿನ ಗಾಳಿ, ಬಿಸಿಲು, ತೂಕ, ಎಲ್ಲಾದಕ್ಕೂ ಚೌಕ ಇದೆ. ಬ್ಯಾಟರಿಗೆ ಇಲ್ಲ. ಹಳೇ ಕಾಲದ ಫಾರಂ. ಇಪ್ಪತ್ತೆರಡು ವರ್ಷದಿಂದ ನನ್ನ ಕಣ್ಣು ಚೌಕದಿಂದ ಚೌಕಕ್ಕೆ ಹೋಗಿ ಹೋಗಿ, ಚೌಕ ಇಲ್ಲದ ಕಡೆ ನೋಡೋದೇ ಮರೆತುಬಿಟ್ಟಿತ್ತು" ಎಂದು ಹೇಳುವಾಗ ಅವರು ನಗುವುದಿಲ್ಲ.

ಆ ರಾತ್ರಿ ಅವರಿಗೆ ಊಟ ಸೇರಲಿಲ್ಲವಂತೆ. ಟೈರ್ ಅಂಗಡಿ ನಡೆಸುವ ಅವರ ಯಜಮಾನರು ಕಾರಣ ಕೇಳಿದಾಗ ಪೆನ್ಸಿಲು ಹಿಡಿದು ತೋರಿಸಿದರಂತೆ: ಊರಿನಿಂದ ಬ್ಯಾಟರಿ ತುಂಬಿಸಿಕೊಂಡೇ ಹೊರಟರೂ ಐವತ್ಮೂರೂವರೆ ಲೀಟರು ಬೇಕು, ಟ್ಯಾಂಕು ಹಿಡಿಯುವುದೇ ಐವತ್ತೆರಡು. ಊರಿಗೆ ಇನ್ನೂ ಹನ್ನೊಂದು ಕಿಲೋಮೀಟರು ಇರುವಾಗ, ಕಾಡು ರಸ್ತೆಯಲ್ಲಿ, ಡಾಕ್ಟರಮ್ಮನ ಗಾಡಿ ನಿಲ್ಲುತ್ತಿತ್ತು.

ಮರುದಿನ ಬೆಳಿಗ್ಗೆ ಸಾಹೇಬರ ಮುಂದೆ ನಿಂತರು. ಸಾಹೇಬರಿಗೆ ತಲೆಬಿಸಿ. ಅಂಕಿ ಚೆನ್ನಾಗೇ ಇದೆ, ವರದಿ ಹೋಗಿಯಾಗಿದೆ, ಸುಮ್ಮನೆ ಯಾಕೆ ಕೆದಕುತ್ತೀರಿ ಅಂದರು. ಲೀಟರಮ್ಮ ವಾದ ಮಾಡಲಿಲ್ಲ. ಅರ್ಧ ದಿನ ರಜೆ ಬರೆದಿಟ್ಟು, ನೆಟ್ಟಗೆ ಹಲ್ಲಿನ ಆಸ್ಪತ್ರೆಗೆ ಹೋದರು.

ಆ ಭೇಟಿಯನ್ನು ಡಾಕ್ಟರಮ್ಮ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಾರೆ. "ಹಲ್ಲು ತೋರಿಸೋಕೆ ಬಂದಿದ್ದಾರೆ ಅಂತ ಕುರ್ಚಿ ಮೇಲೆ ಕೂರಿಸಿ, ಬಾಯಿ ಬಿಡಿ ಅಂದೆ. ಬಾಯಿ ಬಿಟ್ಟವರು, 'ಡಾಕ್ಟರೇ, ನಾನು ತಪ್ಪು ಅಂಕಿ ಕೊಟ್ಟಿದ್ದೀನಿ, ನೀವು ಹೊರಡಬೇಡಿ' ಅಂದ್ರು. ನನಗೆ ಮೊದಲು ಸಿಟ್ಟೇ ಬಂತು. ಅಲ್ಲೊಂದು ಹುಡುಗಿ ಇದೆ ಅಂತ ಹೆಡ್‌ಮಾಸ್ತರು ಹೇಳಿದ್ರು, ಎರಡು ತಿಂಗಳಿಂದ ಒಂದೇ ದವಡೆಯಲ್ಲಿ ಅಗೀತಾ ಇದೆ. ನಾನು ಬರ್ತೀನಿ ಅಂತ ಅದಕ್ಕೆ ಗೊತ್ತು, ದಿನ ಎಣಿಸ್ತಿದೆ. ಈಗ ಇವರು ಬಂದು ಬೇಡ ಅಂತಾರಲ್ಲ!"

ಡಾಕ್ಟರಮ್ಮನೇ ಸಾಹೇಬರಿಗೆ ಫೋನು ಮಾಡಿದ ಮೇಲೆ ಎರಡನೇ ಓಟ ನಡೆಯಿತು. ಈ ಸಲ ಹೊರಟಾಗಲೂ ವಾಪಸ್ ಬಂದಾಗಲೂ ಬ್ಯಾಟರಿ ಒಂದೇ ಮಟ್ಟದಲ್ಲಿತ್ತು. ಪೆಟ್ರೋಲು ಹದಿನೈದು ಪಾಯಿಂಟ್ ಎಂಟು ಲೀಟರು. ಲೀಟರಿಗೆ ಏಳೂವರೆಯ ಮೇಲೊಂದಿಷ್ಟು, ಅಷ್ಟೇ. ಪ್ರವಾಸ ರದ್ದು ಎಂದು ಶಾಲೆಗಳಿಗೆ ಹೇಳುವುದೊಂದೇ ಬಾಕಿ.

ಆಗ ಮತ್ತೆ ಬಾಯಿ ಹಾಕಿದವರು ಕಾವಲಿನ ಅಜ್ಜ. ತಾವು ಮಾಡಿದ ಉಪಕಾರದಿಂದ ಇಷ್ಟೆಲ್ಲ ರಾಮಾಯಣ ಆಯಿತೆಂದು ಗೊತ್ತಾಗಿ ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದ್ದರು. ಮೂರನೇ ದಿನ ಮೆಲ್ಲಗೆ ಕೇಳಿದರು: "ಅಲ್ಲ ತಾಯಿ, ಆ ಶಾಲೆಯಲ್ಲಿ ಪ್ಲಗ್ ಇಲ್ವಾ?"

ಇತ್ತು! ಡಾಕ್ಟರಮ್ಮ ಹೆಡ್‌ಮಾಸ್ತರಿಗೆ ಫೋನು ಹಚ್ಚಿದರೆ, ಶಾಲೆಯ ಮಾಡಿನ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಆರು ಫಲಕಗಳಿವೆಯಂತೆ. ಮೂರೂ ಶಾಲೆಯ ಮಕ್ಕಳು ಆ ಒಂದೇ ಶಾಲೆಗೆ ಬರುವುದರಿಂದ ಗಾಡಿಯೂ ಟ್ರೇಲರೂ ಹೇಗೂ ಮೂರು ದಿನ ಅಲ್ಲೇ ನಿಲ್ಲುತ್ತವೆ. ಮೂರು ದಿನದ ಬಿಸಿಲಿಗೆ ಬ್ಯಾಟರಿ ತುಂಬುತ್ತದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಪೆಟ್ರೋಲಿನ ಲೆಕ್ಕದಲ್ಲಿ ಎಂಟು ಲೀಟರು ಉಳಿತಾಯ. ಲೀಟರಮ್ಮ ಮತ್ತೆ ಪೆನ್ಸಿಲು ಹಿಡಿದರು. ಆದರೂ ಟ್ಯಾಂಕಿನಲ್ಲಿ ಕೊನೆಗೆ ಉಳಿಯುವುದು ಎರಡೇ ಲೀಟರು, ಬೇಕಾದದ್ದು ಆರು. ಇನ್ನು ಕೈಗೆ ಸಿಗುವಂಥದ್ದು ಒಂದೇ ಇತ್ತು, ಬಲಗಾಲು. ಎಂಬತ್ತರ ವೇಗ ಬಿಟ್ಟು ಅರವತ್ತೈದರಲ್ಲಿ ಹೋದರೆ?

ಇವತ್ತಿನದು ಆ ಮೂರನೇ ಓಟ. ಸುತ್ತು ಮುಗಿಸಿ ಟ್ಯಾಂಕು ತುಂಬಿಸುವಾಗ ಬಂಕಿನ ಮೀಟರು ಹದಿನಾಲ್ಕು ಪಾಯಿಂಟ್ ಏಳರ ಒಳಗೆ ನಿಂತರೆ ಗೆದ್ದಂತೆ. ದಾಟಿದರೆ ಮುನ್ನೂರ ಹದಿನಾರು ಮಕ್ಕಳು ಇನ್ನೊಂದು ವರ್ಷ ಕಾಯಬೇಕು.

ಆರೂ ಕಾಲಿಗೆ ಬಂಕಿಗೆ ಬರುತ್ತೇವೆ. ಮುಂದಿನ ಚಕ್ರ ನೆಲದ ಮೇಲಿನ ಬಿಳಿ ಗೆರೆಯನ್ನು ಮುಟ್ಟಿ ನಿಲ್ಲಬೇಕು. ನಿಂತ ಮೇಲೆ ಲೀಟರಮ್ಮ ಚೀಲದಿಂದ ಹಳೆಯ ರಸಮಟ್ಟ ತೆಗೆಯುತ್ತಾರೆ, ಗಾರೆಯವರು ಗೋಡೆ ಸಮವಾಗಿದೆಯೇ ಎಂದು ನೋಡುವ ಸಾಧನ, ಗಾಜಿನ ಕೊಳವೆಯಲ್ಲಿ ಗುಳ್ಳೆ ನಡುಮಧ್ಯ ನಿಂತರೆ ಸಮ. "ನಮ್ಮಪ್ಪಂದು. ಗಾರೆ ಕೆಲಸ ಮಾಡ್ತಿದ್ರು. ಗಾಡಿ ಒಂದು ಕಡೆ ವಾಲಿದ್ರೆ ಟ್ಯಾಂಕು ತುಂಬದೇನೇ ತುಂಬಿದೆ ಅನ್ಸುತ್ತೆ" ಎಂದು ಗಾಡಿಯ ಬಾಗಿಲ ಹೊಸ್ತಿಲ ಮೇಲಿಟ್ಟು ನೋಡುತ್ತಾರೆ. ಗುಳ್ಳೆ ನಡುವಿನಲ್ಲಿದೆ. ಪಂಪು ಟಕ್ ಎನ್ನುತ್ತದೆ. ಎರಡು ನಿಮಿಷ ಕಾದು ಇನ್ನೊಮ್ಮೆ ಟಕ್. ಅಲ್ಲಿಗೆ ಭರ್ತಿ. ಬಂಕಿನ ಹುಡುಗಿಗೆ ಇದೆಲ್ಲ ಬಾಯಿಪಾಠ, ಅವಳೇ ಗಡಿಯಾರ ನೋಡಿ ಎರಡು ನಿಮಿಷ ಎಣಿಸುತ್ತಾಳೆ.

ಬ್ಯಾಟರಿ ನೂರಕ್ಕೆ ಮೂವತ್ತು. ಲೀಟರಮ್ಮ ಅದನ್ನು ಜೋರಾಗಿ ಓದಿ, ನನ್ನ ಕೈಲೂ ಓದಿಸಿ, ಫಾರಮ್ಮಿನ ಅಂಚಿನಲ್ಲಿ ಸ್ಕೇಲು ಹಿಡಿದು ತಾವೇ ಎಳೆದ ಚೌಕದಲ್ಲಿ ಬರೆಯುತ್ತಾರೆ. ಅದು ಹದಿನೈದನೇ ಚೌಕ.

ಹೆದ್ದಾರಿಯಲ್ಲಿ ಅರವತ್ತೈದರಲ್ಲಿ ಹೋಗುವುದೆಂದರೆ ಏನೆಂದು ಓದುಗರು ಒಮ್ಮೆ ಅನುಭವಿಸಬೇಕು. ಲಾರಿಗಳು ನಮ್ಮನ್ನು ದಾಟುತ್ತವೆ. ಬಸ್ಸುಗಳು ದಾಟುತ್ತವೆ. ಸೋಫಾ ಹೇರಿಕೊಂಡ ಮೂರು ಗಾಲಿಯ ಗಾಡಿಯೊಂದು ದಾಟುತ್ತದೆ, ಅದರ ಸೋಫಾದ ಮೇಲೆ ಕೂತವನು ನಮಗೆ ಟಾಟಾ ಬೇರೆ ಮಾಡುತ್ತಾನೆ. ಹಿಂದಿನವರ ಹಾರ್ನು ನನ್ನ ಕಿವಿ ಕೊರೆಯುತ್ತಿದೆ. ಲೀಟರಮ್ಮ ಕಲ್ಲಿನಂತೆ ಕೂತಿದ್ದಾರೆ.

"ಮರ್ಯಾದೆಗೆ ಅಂಜಿದ್ರೆ ಮೈಲೇಜ್ ಬರಲ್ಲ" ಅನ್ನುತ್ತಾರೆ. "ನನ್ನ ಮಗಳು ನನ್ನ ಗಾಡಿ ಹತ್ತೋದೇ ಇಲ್ಲ. ನಡ್ಕೊಂಡು ಹೋದ್ರೆ ಬೇಗ ತಲುಪ್ತೀನಿ ಅಮ್ಮಾ ಅಂತಾಳೆ. ಏನ್ಮಾಡ್ಲಿ? ಹಿಂದೆ ಇರೋ ಡಬ್ಬ ಗಾಳೀನ ಎದೆ ಕೊಟ್ಟು ತಳ್ಬೇಕು. ಎಂಬತ್ತಕ್ಕೆ ಹೋದ್ರೆ ಗಾಳಿ ಗೋಡೆ ಥರ ಆಗುತ್ತೆ. ಆ ಗೋಡೆ ಒಡೆಯೋಕೇ ಅರ್ಧ ಪೆಟ್ರೋಲು ಹೋಗುತ್ತೆ."

ಈ ಕೆಲಸಕ್ಕೆ ಅವರು ಬಂದದ್ದು ಟೈಪಿಸ್ಟಾಗಿ. ವರದಿ ಟೈಪು ಮಾಡುತ್ತಿದ್ದವರು ಅಂಕಿಗಳಲ್ಲಿ ತಪ್ಪು ಹಿಡಿಯತೊಡಗಿದರು. ಓಡಿಸುವವರು ಕಾಲು ಮುರಿದುಕೊಂಡು ಮಲಗಿದಾಗ, "ಅಷ್ಟು ಗೊತ್ತಿದ್ದರೆ ನೀವೇ ಓಡಿಸಿ" ಎಂದು ಆಗಿನ ಸಾಹೇಬರು ಚುಚ್ಚಿದ್ದರು. ಇವರು ಓಡಿಸಿಯೇ ಬಿಟ್ಟರು. ಟ್ರೇಲರ್ ಹಿಂದಕ್ಕೆ ತೆಗೆಯುವುದನ್ನು ನೋಡಲು ಮೊದಲ ವರ್ಷ ಕಚೇರಿಗೆ ಕಚೇರಿಯೇ ಕಿಟಕಿಗೆ ಬರುತ್ತಿತ್ತಂತೆ. ಈಗ ಸೊಂಟ ಹಿಡಿದುಕೊಂಡಿದೆ, ಎಡಮಂಡಿ ಮುಷ್ಕರ ಹೂಡಿದೆ. ಗಾಡಿಗಳ ಜಾಹೀರಾತಿನಲ್ಲಿ ಇವರು ಅಳೆದ ಅಂಕಿ ಅಂಗೈ ಅಗಲಕ್ಕೆ ಅಚ್ಚಾಗುತ್ತದೆ, ಕೆಳಗೆ ಇರುವೆ ಗಾತ್ರದಲ್ಲಿ 'ಪರೀಕ್ಷೆಯ ಪ್ರಕಾರ' ಎಂದಿರುತ್ತದೆ. ಆ ಇರುವೆಯೇ ನಮ್ಮ ಲೀಟರಮ್ಮ.

ಗುಡ್ಡ ಬರುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ, ಬ್ಯಾಟರಿ ಕೈಜೋಡಿಸುತ್ತದೆ. ಮೂವತ್ತು ಇದ್ದದ್ದು ಇಪ್ಪತ್ತೆಂಟು, ಇಪ್ಪತ್ತೈದು, ಇಪ್ಪತ್ತೆರಡು. ತುದಿ ಮುಟ್ಟಿದಾಗ ಹತ್ತೊಂಬತ್ತು. ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ವಾಪಸ್ ಮೂವತ್ತು ಆಗದಿದ್ದರೆ ಇವತ್ತಿನ ಓಟವೂ ಲೆಕ್ಕಕ್ಕಿಲ್ಲ.

"ಇಳಿಜಾರು ಇದೆಯಲ್ಲ, ಸುಮ್ನಿರಿ" ಎಂದು ಅವರು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾರೆ. ಇಳಿಯುವಾಗ ಚಕ್ರಗಳೇ ಬ್ಯಾಟರಿಗೆ ಕರೆಂಟು ತುಂಬುತ್ತವೆ. ಬ್ರೇಕನ್ನು ಹೂವಿನಷ್ಟು ಹಗುರವಾಗಿ, ಬೇಗನೇ ಒತ್ತಬೇಕು. ಕೊನೆಗಳಿಗೆಯಲ್ಲಿ ಗಟ್ಟಿಯಾಗಿ ತುಳಿದರೆ ಆ ಶಕ್ತಿಯೆಲ್ಲ ಬಿಸಿಯಾಗಿ ಹಾಳಾಗುತ್ತದೆಯೇ ಹೊರತು ಬ್ಯಾಟರಿಗೆ ಹೋಗುವುದಿಲ್ಲ. ಇಪ್ಪತ್ತಮೂರು. ಇಪ್ಪತ್ತಾರು. ಬೆಟ್ಟದ ಬುಡದಲ್ಲಿ ಇಪ್ಪತ್ತೆಂಟು. ಅಲ್ಲಿಂದ ಮುಂದಿನ ಸಪಾಟು ರಸ್ತೆಯಲ್ಲಿ ಅಂಕಿ ಕದಲುವುದೇ ಇಲ್ಲ. ಊರು ಕಾಣುತ್ತಿದೆ, ಇನ್ನೂ ಇಪ್ಪತ್ತೆಂಟು. ಕಾಲುವೆಯ ಸೇತುವೆಯಿಂದ ಬಂಕಿನವರೆಗೆ ಸಣ್ಣ ಇಳುಕಲಿದೆ, ಅದರ ಮೇಲೆ ಭಾರ ಹಾಕಿದ್ದಾರೆ ಇವರು. ಇಪ್ಪತ್ತೊಂಬತ್ತು. ಕೆಂಪು ದೀಪ. ಮೆಲ್ಲಗೆ, ಮೆಲ್ಲಗೆ ಬ್ರೇಕು.

"ಮೂವತ್ತು!" ಎಂದು ಕಿರುಚಿದ್ದು ನಾನು. ನನ್ನ ವಯಸ್ಸಿಗೆ ಅದು ಶೋಭಿಸುವುದಿಲ್ಲ, ಆದರೆ ಕಿರುಚಿದ್ದು ನಿಜ.

ಬಿಳಿ ಗೆರೆ, ರಸಮಟ್ಟ, ಗುಳ್ಳೆ. ಬಂಕಿನ ಹುಡುಗಿ ಪೈಪು ಇಡುತ್ತಾಳೆ. ಮೀಟರು ಓಡುತ್ತದೆ. ಹತ್ತು. ಹನ್ನೆರಡು. ಹದಿಮೂರೂವರೆ. ಲೀಟರಮ್ಮ ಮೀಟರಿನ ಕಡೆ ನೋಡುತ್ತಿಲ್ಲ, ತಮ್ಮ ಚಪ್ಪಲಿ ನೋಡುತ್ತಿದ್ದಾರೆ. ಹದಿನಾಲ್ಕು. ಟಕ್. ಎರಡು ನಿಮಿಷವೆಂದರೆ ಎಷ್ಟು ದೀರ್ಘವೆಂದು ಇವತ್ತೇ ಗೊತ್ತಾದದ್ದು. ಇನ್ನೊಂದು ಟಕ್.

"ಹದಿನಾಲ್ಕು ಪಾಯಿಂಟ್ ಮೂರು ಅಕ್ಕಾ!" ಎಂದು ಹುಡುಗಿ ಕೂಗುತ್ತಾಳೆ. ಲೀಟರಮ್ಮ ಮೀಟರನ್ನು ಒಮ್ಮೆ ನೋಡುತ್ತಾರೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ಪಂಪಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಾರೆ. ಹುಡುಗಿ ಪೈಪನ್ನು ಕೊಕ್ಕೆಗೆ ಸಿಕ್ಕಿಸಿ ಅವರ ಪಕ್ಕ ಕೂರುತ್ತಾಳೆ, ಇನ್ನೊಂದು ಪಕ್ಕ ನಾನು. ಒಂದಿಷ್ಟು ಪೆಟ್ರೋಲಿಗಾಗಿ ಮೂವರು ಬೆಳಗಿನ ಹೊತ್ತು ಬಂಕಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನೋಡಿದವರು ಏನಂದುಕೊಂಡರೋ.

ಹೊಸ ವರದಿಯಲ್ಲಿ ಹೀಗೆ ಬರೆದರು: ಎರಡೂ ಕಡೆ ಬ್ಯಾಟರಿ ತುಂಬಿಸಿ, ಅರವತ್ತೈದು ದಾಟದೆ ಓಡಿಸಿದರೆ ನಲವತ್ನಾಲ್ಕು ಪಾಯಿಂಟ್ ನಾಲ್ಕು ಲೀಟರು. ಉಳಿಯುವುದು ಏಳೂವರೆ. ಹಳೆಯ ವರದಿ ಯಾಕೆ ತಪ್ಪು ಎಂಬುದನ್ನೂ ಮೊದಲ ಪುಟದಲ್ಲೇ ಬರೆದರು. ಸಾಹೇಬರು ಓದಿ ಸಹಿ ಹಾಕಿದರು.

ಡಾಕ್ಟರಮ್ಮ ಸೋಮವಾರ ಹೊರಟು ಶುಕ್ರವಾರ ವಾಪಸ್ ಬಂದಿದ್ದಾರೆ. ಈ ಬರಹ ಅಚ್ಚಿಗೆ ಹೋಗುವ ಮುನ್ನ ನಾನೂ ಬಂಕಿಗೆ ಓಡಿದ್ದೇನೆ. ಮುನ್ನೂರ ಹದಿನಾರು ಬಾಯಿ ನೋಡಿದ ಡಾಕ್ಟರಮ್ಮನಿಗೆ ನಿಲ್ಲಲೂ ತ್ರಾಣವಿಲ್ಲ, ಆದರೂ ಮುಖ ಅರಳಿದೆ. ದಿನ ಎಣಿಸುತ್ತಿದ್ದ ಆ ಹುಡುಗಿ ಈಗ ಎರಡೂ ದವಡೆಯಲ್ಲಿ ಅಗಿಯುತ್ತಿದೆಯಂತೆ. ಹೊರಡುವ ಹಿಂದಿನ ರಾತ್ರಿ ಗಾಡಿಯನ್ನು ಚಾರ್ಜಿಗೆ ಹಾಕಿದ್ದ ಕಾವಲಿನ ಅಜ್ಜನೂ ಬಂದು ನಿಂತಿದ್ದಾರೆ. ಬಿಳಿ ಗೆರೆ, ಗುಳ್ಳೆ, ಎರಡು ಟಕ್. ಮೀಟರು ನಲವತ್ತೈದಕ್ಕೆ ನಿಲ್ಲುತ್ತದೆ.

ಲೀಟರಮ್ಮ ಹುಬ್ಬುಗಂಟಿಕ್ಕುತ್ತಾರೆ. "ಮೂರು ಲೋಟ ಜಾಸ್ತಿ ಕುಡಿದಿದೆ. ಡಾಕ್ಟರೇ, ಎಲ್ಲಿ ಅರವತ್ತೈದು ದಾಟಿದ್ರಿ?"

ಡಾಕ್ಟರಮ್ಮ ತಲೆ ತಗ್ಗಿಸುತ್ತಾರೆ. "ಸೋಫಾ ಹೇರಿದ್ದ ಗಾಡಿಯೊಂದು ನನ್ನನ್ನ ಹಿಂದೆ ಹಾಕೋಕೆ ಬಂತು. ಬಿಡೋಕೆ ಮನಸ್ಸು ಬರ್ಲಿಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗು ಇಳಿದ ಮೇಲೆ ಲೀಟರಮ್ಮ ಚೀಲದಿಂದ ಹೊಸ ಫಾರಂ ತೆಗೆಯುತ್ತಾರೆ. ಕಚೇರಿಯವರು ಮೊನ್ನೆಯಷ್ಟೇ ಅಚ್ಚು ಹಾಕಿಸಿದ್ದು. ಈಗ ಅದರಲ್ಲಿ ಹದಿನೈದು ಚೌಕಗಳಿವೆ, ಕೊನೆಯದು ಬ್ಯಾಟರಿಯದು. ಅದರ ಕೆಳಗೆ ಒಂದು ಸಾಲಿದೆ: ಚಾರ್ಜಿಗೆ ಹಾಕಿದವರ ಸಹಿ.  ಲೀಟರಮ್ಮ ಫಾರಮ್ಮನ್ನೂ ಪೆನ್ನನ್ನೂ ಅಜ್ಜನ ಮುಂದೆ ಹಿಡಿಯುತ್ತಾರೆ.

"ನನ್ನದಾ ತಾಯಿ?" ಅಜ್ಜ ಕೈ ಒರೆಸಿಕೊಳ್ಳುತ್ತಾರೆ. "ಹಾಜರಿ ಪುಸ್ತಕ ಬಿಟ್ಟು ಬೇರೆ ಎಲ್ಲೂ ನಾನು ಸಹಿ ಹಾಕಿಲ್ಲ. ಎಷ್ಟು ದೊಡ್ಡದು ಹಾಕ್ಲಿ?"

"ಗೆರೆ ದಾಟಿದ್ರೂ ಪರ್ವಾಗಿಲ್ಲ ಅಜ್ಜ" ಅನ್ನುತ್ತಾರೆ ಲೀಟರಮ್ಮ. "ಇನ್ನೊಂದ್ಸಲ ನನ್ನ ಕಣ್ಣಿಗೆ ಬೀಳ್ದೇ ಇರಬಾರದು, ಅಷ್ಟು ದೊಡ್ಡದು ಹಾಕಿ."